ಸಾವಯವ ಕೃಷಿ ಎಲ್ಲಿ ಸಿಕ್ಕಾಕೊಂಡಿದೆ?

ಮಾತಿಗೆ ಬಂದ್ರೆ ಎಲ್ಲರೂ ಸಾವಯವದ ಪರಾನೇ. ಡಾಕ್ಟ್ರು, ಸರ್ಕಾರ, ಸೂಪರ್‌ಮಾರ್ಕೆಟ್ಟು, ಅಡುಗೆ ವಿಡಿಯೋ ಮಾಡೋರು, ಯಾರನ್ನ ಕೇಳಿದ್ರೂ ಒಳ್ಳೇದು ಅಂತಾನೇ ಹೇಳ್ತಾರೆ. ಆದ್ರೆ 2023ರ ಜಾಗತಿಕ ಲೆಕ್ಕ ನೋಡಿದ್ರೆ ಪ್ರಪಂಚದ ಒಟ್ಟು ಕೃಷಿ ಭೂಮಿಲಿ ಸಾವಯವ ಅಂತ ಲೆಕ್ಕಕ್ಕೆ ಬರೋದು ಶೇ. 2.1 ಮಾತ್ರ, ಸುಮಾರು 9 ಕೋಟಿ 89 ಲಕ್ಷ ಹೆಕ್ಟೇರು. ಅದ್ರಲ್ಲಿ ಸುಮಾರು 5 ಕೋಟಿ 30 ಲಕ್ಷ ಹೆಕ್ಟೇರು ಆಸ್ಟ್ರೇಲಿಯಾ ಒಂದೇ ದೇಶದ್ದು, ಅದೂ ಬಹುಪಾಲು ದನ ಕುರಿ ಮೇಯೋ ಒಣ ಹುಲ್ಲುಗಾವಲು. ಅಂದ್ರೆ ಸಾವಯವ ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋ ಹೊಲ, ತೋಟ, ತರಕಾರಿ ಮಡಿ ಇದೆಯಲ್ಲ, ಅದರ ಪಾಲು ಇನ್ನೂ ಕಮ್ಮಿ. ಸಾವಯವ ಚಳವಳಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಫೋಮ್ ಶುರುವಾಗಿದ್ದು 1972ರಲ್ಲಿ, ಐವತ್ತು ವರ್ಷ ದಾಟಿಹೋಗಿದೆ, ಇಷ್ಟು ಜನರ ಒಲವು ಇಟ್ಕೊಂಡು ಇಷ್ಟು ವರ್ಷದಲ್ಲಿ ಇಷ್ಟೇನಾ ಅನ್ನೋ ಪ್ರಶ್ನೆ ಬರದೇ ಇರಲ್ಲ.

ಯಾಕೆ ಹಿಂಗೆ ಅಂದ್ರೆ ಎರಡು ಉತ್ತರ ರೆಡಿ ಇರ್ತವೆ. ಬೆಳೆಯೋರ ಕಡೆಯಿಂದ ಇಳುವರಿ ಬರಲ್ಲ ಅಂತ, ಕೊಳ್ಳೋರ ಕಡೆಯಿಂದ ರೇಟು ಜಾಸ್ತಿ ಅಂತ. ಎರಡರಲ್ಲೂ ನಿಜ ಇದೆ, ಇಲ್ಲ ಅನ್ನಲ್ಲ. ಆದ್ರೆ ಈ ವಿಷಯದ ಬೆನ್ನು ಹತ್ತಿ ಓದ್ತಾ, ಕೇಳ್ತಾ ಬಂದ ಹಾಗೆ ನಂಗೆ ಅನ್ಸಿರೋದು ಏನಂದ್ರೆ ಗಂಟು ಬಿದ್ದಿರೋದು ಇವೆರಡರ ನಡುವೆ. ರಾಸಾಯನಿಕ ಬಿಟ್ಟ ದಿನಕ್ಕೂ ಸರ್ಟಿಫಿಕೇಟ್ ಕೈಗೆ ಬರೋ ದಿನಕ್ಕೂ ನಡುವೆ ಒಂದಷ್ಟು ವರ್ಷ ಇದೆ, ಹೊಲದ ಬದಕ್ಕೂ ಊಟದ ತಟ್ಟೆಗೂ ನಡುವೆ ಒಂದು ಉದ್ದನೆ ದಾರಿ ಇದೆ, ಈ ಎರಡು ನಡುವಿನ ಜಾಗದಲ್ಲಿ ಸಾಲ ಕೊಡೋರಿಲ್ಲ, ಗೋದಾಮಿಲ್ಲ, ಲಾರಿ ಇಲ್ಲ, ನಷ್ಟ ಆದ್ರೆ ಹಂಚ್ಕೊಳ್ಳೋರಿಲ್ಲ. ಅಲ್ಲಿಗೆ ಕಾಲಿಟ್ಟೋರು ತಮ್ಮ ಸ್ವಂತ ಬಲದ ಮೇಲೇ ದಾಟಬೇಕು.

ಮೊದಲು ಇಳುವರಿ ಮಾತು ಮುಗಿಸಿಬಿಡೋಣ. 2012ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಲಿ ಬಂದ ದೊಡ್ಡ ಹೋಲಿಕೆ ಅಧ್ಯಯನದ ಪ್ರಕಾರ ಸಾವಯವದ ಇಳುವರಿ ಸರಾಸರಿ ಶೇ. 25 ಕಮ್ಮಿ, ಆದ್ರೆ ಬೆಳೆ ಯಾವ್ದು, ನೆಲ ಎಂಥದ್ದು, ಮಾಡೋ ರೀತಿ ಹೇಗಿದೆ ಅನ್ನೋದರ ಮೇಲೆ ಈ ಅಂತರ ಶೇ. 5ರಿಂದ 34ರ ತನಕ ಏರಿಳಿಯುತ್ತೆ. ಆಮೇಲೆ ಬಂದ ಇನ್ನೊಂದು ಅಧ್ಯಯನ ಸರಾಸರಿ ಶೇ. 19 ಅಂತು, ಮಿಶ್ರಬೆಳೆ, ಬೆಳೆ ಸರದಿ ಚೆನ್ನಾಗಿ ಮಾಡಿರೋ ಕಡೆ ಅದು ಶೇ. 8-9ಕ್ಕೆ ಇಳಿಯುತ್ತೆ ಅಂತಾನೂ ತೋರಿಸ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ರ 1978ರಿಂದ ನಡೀತಿರೋ, ಸಾವಯವಾನೂ ಮಾಮೂಲಿ ಬೇಸಾಯಾನೂ ಅಕ್ಕಪಕ್ಕ ಹೋಲಿಸಿ ನೋಡೋ ಡಾಕ್ ಪ್ರಯೋಗದ ಮೊದಲ 21 ವರ್ಷದ ಲೆಕ್ಕದಲ್ಲಿ ಇಳುವರಿ ಶೇ. 20 ಕಮ್ಮಿ ಆದ್ರೆ ಗೊಬ್ಬರ ಮತ್ತು ಇಂಧನದ ಬಳಕೆ ಶೇ. 34ರಿಂದ 53 ಕಮ್ಮಿ, ಕೀಟನಾಶಕ ಶೇ. 97 ಕಮ್ಮಿ. ಅಂದ್ರೆ ಬುಟ್ಟಿ ಸ್ವಲ್ಪ ಚಿಕ್ಕದಾಗುತ್ತೆ, ಹೊರಗಿಂದ ತಂದು ಸುರಿಯೋ ಗೊಬ್ಬರ, ಔಷಧಿ ಅದಕ್ಕಿಂತ ಜಾಸ್ತಿ ಕಮ್ಮಿಯಾಗುತ್ತೆ.

ಈ ಅಂತರ ಯಾಕೆ ಬರುತ್ತೆ ಅನ್ನೋದೂ ಮುಖ್ಯ. ಯೂರಿಯಾ ಹಾಕಿದ್ರೆ ಗಿಡಕ್ಕೆ ಸಾರಜನಕ ಕೆಲವೇ ದಿನದಲ್ಲಿ ಸಿಕ್ಬಿಡುತ್ತೆ. ಕೊಟ್ಟಿಗೆ ಗೊಬ್ಬರದಲ್ಲಿರೋ ಸಾರಜನಕ ಹಾಗಲ್ಲ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನ ಒಡೆದು ಕೊಡಬೇಕು, ಮಣ್ಣು ತಣ್ಣಗಿದ್ರೆ ಅಥವಾ ತೇವ ಸರಿ ಇಲ್ದಿದ್ರೆ ಅವು ಕೆಲಸ ಮಾಡಲ್ಲ, ಗಿಡಕ್ಕೆ ಹಸಿವಾದ ಹೊತ್ತಿಗೆ ಊಟ ಬರಲ್ಲ, ಹಸಿವು ಮುಗಿದ ಮೇಲೆ ಬರುತ್ತೆ. ಇನ್ನೊಂದು ಬೀಜದ್ದು. ಇವತ್ತು ಸಾವಯವ ರೈತರು ಬಿತ್ತೋ ತಳಿಗಳಲ್ಲಿ ಹೆಚ್ಚಿನವು ರಾಸಾಯನಿಕ ಗೊಬ್ಬರ, ಕಳೆನಾಶಕ ಇರೋ ಹೊಲಕ್ಕೆ ಅಂತ ಆಯ್ಕೆ ಮಾಡಿದ್ದು. ಕಳೆ ಜೊತೆ ಪೈಪೋಟಿ ಮಾಡೋ ಗುಣ, ಬೇರು ಆಳಕ್ಕೆ ಬಿಟ್ಟು ಆಹಾರ ಹುಡುಕೋ ಗುಣ, ಇವನ್ನ ಯಾರೂ ಮುಖ್ಯ ಅಂತ ನೋಡೇ ಇಲ್ಲ, ಯಾಕಂದ್ರೆ ಅಲ್ಲಿ ಅದರ ಅಗತ್ಯಾನೇ ಇರಲಿಲ್ಲ. ಯುರೋಪಿಯನ್ ಒಕ್ಕೂಟ ಸಾವಯವ ಬೇಸಾಯಕ್ಕೆ ಸಾವಯವ ಬೀಜಾನೇ ಬಳಸಬೇಕು ಅಂತ ಹೇಳಿದ್ರೂ ವಿನಾಯಿತಿಗಳನ್ನ ಪೂರ್ತಿ ನಿಲ್ಲಿಸೋಕೆ 2036ರ ಕೊನೆ ತನಕ ಟೈಮ್ ಇಟ್ಕೊಂಡಿರೋದು ಇದಕ್ಕೇ, ಬೀಜ ಅಷ್ಟು ಇಲ್ಲ.

ಸರಿ, ಇಳುವರಿ ಕಮ್ಮಿ ಅಂತ ಒಪ್ಪಿಕೊಂಡ್ರೂ ದುಡ್ಡಿನ ಲೆಕ್ಕ ಏನು ಹೇಳುತ್ತೆ? ಐದು ಖಂಡಗಳ 55 ಬೆಳೆಗಳ ಮೇಲಿನ 44 ಅಧ್ಯಯನಗಳನ್ನ ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2015ರಲ್ಲಿ ಬಂತು. ಸಾವಯವಕ್ಕೆ ಸಿಗೋ ಹೆಚ್ಚುವರಿ ಬೆಲೆ ಸೇರಿಸಿದ್ರೆ ಲಾಭ ಶೇ. 22ರಿಂದ 35 ಜಾಸ್ತಿ ಇತ್ತು. ಇದಕ್ಕಿಂತ ದೊಡ್ಡ ವಿಷ್ಯ ಏನಂದ್ರೆ, ಸಾಮಾನ್ಯ ಬೇಸಾಯಕ್ಕೆ ಸಮ ಆಗೋಕೆ ಬೇಕಾಗಿದ್ದ ಹೆಚ್ಚುವರಿ ಬೆಲೆ ಬರೀ ಶೇ. 5ರಿಂದ 7, ಆ ಅಧ್ಯಯನಗಳಲ್ಲಿ ನಿಜಕ್ಕೂ ಸಿಕ್ತಿದ್ದ ಹೆಚ್ಚುವರಿ ಬೆಲೆ ಶೇ. 30ರ ಆಸುಪಾಸು. ಈ ಲೆಕ್ಕ ಓದಿದಾಗಿಂದ ನಂಗೆ ಇಳುವರಿ ಕಮ್ಮಿ ಅದಕ್ಕೇ ಬೆಳೀತಿಲ್ಲ ಅನ್ನೋ ವಾದ ಪೂರ್ತಿ ಅಂತ ಅನ್ಸಲ್ಲ. ಒಂದ್ಸಲ ಆಚೆ ದಡ ಮುಟ್ಟಿದೋರಿಗೆ ಲೆಕ್ಕ ಸರಿಹೋಗುತ್ತೆ. ಹೊಳೆ ದಾಟೋದೇ ಕಷ್ಟ.

ಆ ಹೊಳೆ ಅಂದ್ರೆ ಪರಿವರ್ತನೆಯ ಅವಧಿ. ಅಮೆರಿಕದ ನಿಯಮದಲ್ಲಿ ನಿಷೇಧಿತ ರಾಸಾಯನಿಕ ಕೊನೆ ಸಲ ಹಾಕಿದ ದಿನದಿಂದ 36 ತಿಂಗಳು ಆಗ್ಬೇಕು, ಆಮೇಲೆ ಕೊಯ್ದಿದ್ದು ಮಾತ್ರ ಸಾವಯವ. ಯುರೋಪಲ್ಲಿ ವಾರ್ಷಿಕ ಬೆಳೆಗೆ 2 ವರ್ಷ, ಹಣ್ಣಿನ ತೋಟದ ಥರದ ಬಹುವಾರ್ಷಿಕ ಬೆಳೆಗೆ 3 ವರ್ಷ. ಈ ಅವಧಿಲಿ ರೈತರು ಮಾಡೋದೆಲ್ಲ ಸಾವಯವದ ಕೆಲಸ, ಖರ್ಚು ಸಾವಯವದ್ದು, ಕೂಲಿ ಸಾವಯವದ್ದು, ಇಳುವರಿ ಸಾವಯವದ್ದಕ್ಕಿಂತ ಕಮ್ಮಿ ಯಾಕಂದ್ರೆ ಮಣ್ಣು ಇನ್ನೂ ಚೇತರಿಸ್ಕೊಂಡಿಲ್ಲ, ಮಾಡೋರ ಕೈಗೂ ಇನ್ನೂ ಅಭ್ಯಾಸ ಆಗಿಲ್ಲ, ಆದ್ರೆ ಮಾರೋಕೆ ಹೋದ್ರೆ ಸಿಗೋದು ಮಾಮೂಲಿ ರೇಟು.

ಎರಡನೇ ವರ್ಷದ ಹೊಲ ಒಂದನ್ನ ಹತ್ರದಿಂದ ನೋಡ್ಬೇಕು. ಸಾಲುಗಳ ಮಧ್ಯೆ ಕಳೆ ಮೊಣಕಾಲುದ್ದ ಬಂದಿರುತ್ತೆ, ಬೆಳೆ ಯಾವ್ದು ಕಳೆ ಯಾವ್ದು ಅಂತ ಬಗ್ಗಿ ನೋಡಿದ್ರೇನೇ ಗೊತ್ತಾಗೋದು, ಬೆಳಗಿನ ಮಂಜಿಗೆ ಒದ್ದೆಯಾಗಿರೋ ಬಟ್ಟೆಲಿ ಕೂತು ಕುರ್ಪಿ ಹಿಡ್ಕೊಂಡು ಒಂದೊಂದೇ ಬುಡ ಕೀಳ್ತಾ ಹೋದ್ರೆ ಮಧ್ಯಾಹ್ನದ ಹೊತ್ತಿಗೆ ಒಂದೆರಡು ಸಾಲು ಮುಗಿದಿರುತ್ತೆ. ಬದದ ಆಚೆ ಇರೋ ಹೊಲಕ್ಕೆ ಅವತ್ತೇ ಬೆಳಿಗ್ಗೆ ಕಳೆನಾಶಕ ಹೊಡೆದು ಅವ್ರು ಮನೆಗೆ ಹೋಗಿಯೂ ಆಗಿರುತ್ತೆ. ಗುದ್ದಲಿ ಹಾಕಿ ಒಂದು ಹೆಂಟೆ ಎತ್ತಿ ನೋಡಿದ್ರೆ ಮಣ್ಣು ಇನ್ನೂ ಇಟ್ಟಿಗೆ ಥರ ಅಂಚು ಅಂಚಾಗಿ ಒಡೆಯುತ್ತೆ, ಎರೆಹುಳ ಹುಡುಕಿದ್ರೆ ಇಲ್ಲ. ಹೊದಿಕೆ ಹಾಕಿರೋ ಕಡೆ ಒಣಹುಲ್ಲು ಸರಿಸಿದ್ರೆ ಮಾತ್ರ ಕೆಳಗಡೆ ಮಣ್ಣು ಕಪ್ಪಗೆ ಹುಡಿ ಹುಡಿಯಾಗಿ, ದಾರದಷ್ಟು ಸಣ್ಣ ಹುಳ ಒಂದೆರಡು ಒದ್ದಾಡ್ತಾ ಒಳಗೆ ಹೋಗ್ತವೆ. ಮಣ್ಣು ವಾಪಸ್ ಬರ್ತಿದೆ ಅನ್ನೋದಕ್ಕೆ ಇರೋ ಸಾಕ್ಷಿ ಅಷ್ಟೇ, ಅದನ್ನ ಬ್ಯಾಂಕಿಗೆ ತೋರಿಸೋಕಾಗಲ್ಲ. ಬಿಟ್ಟು ಹೋಗೋರು ಬಹಳಷ್ಟು ಸಲ ಬಿಟ್ಟು ಹೋಗೋದು ಇದೇ ಘಟ್ಟದಲ್ಲಿ, ಇನ್ನೊಂದು ವರ್ಷ ತಡೆದಿದ್ರೆ ದಾಟಿಬಿಡ್ತಿದ್ರು ಅನ್ನೋ ಜಾಗದಲ್ಲಿ.

ಬೆಳೆ ಸಾಲ ಅನ್ನೋದು ಒಂದು ಹಂಗಾಮಿನ ಲೆಕ್ಕದ್ದು, ಬಿತ್ತನೆಗೆ ಕೊಟ್ಟು ಕೊಯ್ಲಿಗೆ ವಾಪಸ್ ಕೇಳೋದು. ಮೂರು ವರ್ಷ ಆದಾಯ ಕುಸಿದು ಆಮೇಲೆ ಏರುತ್ತೆ ಅನ್ನೋ ಕೆಲಸಕ್ಕೆ ಮೂರು ವರ್ಷದ ಸಾಲ ಬೇಕು, ಮೊದಲ ಎರಡು ವರ್ಷ ಕಂತು ಕೇಳದೇ ಇರೋ ಥರದ್ದು. ಫ್ಯಾಕ್ಟರಿ ಕಟ್ಟೋರಿಗೆ ಇಂಥ ಸಾಲ ಸಿಗುತ್ತೆ, ಕಟ್ಟಡ ಏಳೋ ತನಕ ಕಾಯ್ತಾರೆ, ಮಣ್ಣು ಕಟ್ಟೋರಿಗೆ ಸಿಗಲ್ಲ. ಗುತ್ತಿಗೆ ಜಮೀನಿನವ್ರ ಕಥೆ ಇನ್ನೂ ಕಷ್ಟ, ವರ್ಷ ವರ್ಷಕ್ಕೆ ಗುತ್ತಿಗೆ ನವೀಕರಣ ಆಗೋ ಜಮೀನಲ್ಲಿ ಯಾರು ತಾನೇ ಮೂರು ವರ್ಷ ಮಣ್ಣಿಗೆ ಸುರೀತಾರೆ, ಮಣ್ಣು ಚೆನ್ನಾದ ಮೇಲೆ ಮಾಲೀಕರು ಇನ್ನೊಬ್ಬರಿಗೆ ಕೊಟ್ಟುಬಿಟ್ರೆ? ಪ್ರಪಂಚದ ಹಲವು ಕಡೆ ಉಳುಮೆಯ ದೊಡ್ಡ ಪಾಲು ಗುತ್ತಿಗೆ ಮೇಲೆ ನಡೆಯೋದ್ರಿಂದ ಇದು ಚಿಲ್ಲರೆ ಸಮಸ್ಯೆ ಅಲ್ಲ, ಆದ್ರೂ ಸಾವಯವದ ಚರ್ಚೆಲಿ ಇದರ ಹೆಸರೇ ಬರಲ್ಲ.

ಈ ನಡುವಿನ ವರ್ಷಗಳಿಗೆ ಬೆಲೆ ಕಟ್ಟೋ ಪ್ರಯತ್ನ ಆಗಿಲ್ಲ ಅಂತಲ್ಲ. 2016ರಲ್ಲಿ ಅಮೆರಿಕದಲ್ಲಿ ಕಾಶಿ ಅನ್ನೋ ಬ್ರ್ಯಾಂಡು ಪರಿವರ್ತನೆಲಿರೋ ಹೊಲದ ಗೋಧಿಗೆ ಅಂತಾನೇ ಬೇರೆ ಲೇಬಲ್ ಹಾಕಿ, ಹೆಚ್ಚಿನ ಬೆಲೆ ಕೊಟ್ಟು ತಗೊಂಡು ಮಾರೋಕೆ ಶುರು ಮಾಡ್ತು. ಯುರೋಪಲ್ಲೂ 12 ತಿಂಗಳು ಕಳೆದ ಮೇಲೆ ಕೆಲವು ಬೆಳೆ ಉತ್ಪನ್ನಗಳ ಮೇಲೆ ಪರಿವರ್ತನೆಯಲ್ಲಿದೆ ಅಂತ ಬರೆಯೋಕೆ ಅವಕಾಶ ಇದೆ. ಅಮೆರಿಕ ಸರ್ಕಾರ 2022ರಲ್ಲಿ ಪರಿವರ್ತನೆಗೆ ನೆರವಾಗೋಕೆ 30 ಕೋಟಿ ಡಾಲರಿನ ಯೋಜನೆ ಘೋಷಿಸ್ತು. ದಾರಿ ಸರಿ ಇದೆ, ಆದ್ರೆ ಪರಿವರ್ತನೆ ಅನ್ನೋ ಪದ ಅಂಗಡಿಗೆ ಬಂದೋರಿಗೆ ಅರ್ಥ ಆಗೋದು ಕಷ್ಟ, ಇದು ಸಾವಯವಾನಾ ಅಲ್ವಾ ಅಂತ ಕೇಳಿದ್ರೆ ಒಂದೇ ಮಾತಲ್ಲಿ ಉತ್ತರ ಇಲ್ಲ.

ಈಗ ಸರ್ಟಿಫಿಕೇಟ್ ವಿಷ್ಯ. ಇದರಲ್ಲಿ ನಂಗೆ ಮೊದಲಿಂದಲೂ ಸರಿ ಕಾಣದೇ ಇರೋದು ಒಂದಿದೆ. ನೆಲಕ್ಕೆ, ನೀರಿಗೆ ರಾಸಾಯನಿಕ ಸೇರಿಸೋರು ನಾವು ಇಷ್ಟು ಸೇರಿಸ್ತಿದ್ದೀವಿ ಅಂತ ಪ್ಯಾಕೆಟ್ ಮೇಲೆ ಬರೀಬೇಕಾಗಿಲ್ಲ, ಸೇರಿಸದೇ ಇರೋರು ಮಾತ್ರ ನಾವು ಸೇರಿಸ್ತಿಲ್ಲ ಅಂತ ಪ್ರತಿ ವರ್ಷ ದುಡ್ಡು ಕೊಟ್ಟು ಸಾಬೀತು ಮಾಡ್ಬೇಕು. ಪಕ್ಕದ ಹೊಲದ ಸ್ಪ್ರೇ ಗಾಳಿಲಿ ತೇಲಿಬಂದು ಬೆಳೆ ಮೇಲೆ ಕೂತ್ರೂ ಬಫರ್ ಅಂತ ಹೊಲದ ಅಂಚಲ್ಲಿ ಜಾಗ ಬಿಡಬೇಕಾಗಿರೋದು, ಅದರಲ್ಲಿ ಬೆಳೆದಿದ್ದನ್ನ ಬೇರೆ ಮಾರಬೇಕಾಗಿರೋದು ಸಾವಯವ ರೈತರೇ. ಜೊತೆಗೆ ದಾಖಲೆ, ಯಾವ ದಿನ ಯಾವ ಬೀಜ ಎಲ್ಲಿಂದ ತಂದ್ರಿ, ಗೊಬ್ಬರ ಎಷ್ಟು, ಯಾವ ಸಲಕರಣೆ ಯಾವಾಗ ತೊಳೆದ್ರಿ, ಕೊಯ್ದಿದ್ದೆಷ್ಟು ಮಾರಿದ್ದೆಷ್ಟು, ಎಲ್ಲ ಬರೆದಿಡಬೇಕು. ದೊಡ್ಡ ಫಾರಂನವ್ರು ಇದಕ್ಕೆ ಒಬ್ಬರನ್ನ ಇಟ್ಕೊಳ್ತಾರೆ. ಎರಡು ಎಕರೆಯವ್ರು ರಾತ್ರಿ ಊಟ ಆದ್ಮೇಲೆ ನಿದ್ದೆಗಣ್ಣಲ್ಲಿ ತಾವೇ ಬರೀಬೇಕು, ಎರಡು ಎಕರೆಗೂ ಇನ್ನೂರು ಎಕರೆಗೂ ಬರಹದ ಕೆಲಸ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಹಾಗಾಗಿ ಎಕರೆ ಲೆಕ್ಕಕ್ಕೆ ಚಿಕ್ಕವ್ರಿಗೇ ಹೊರೆ ಜಾಸ್ತಿ.

ಇದಕ್ಕೆ ಅಂತಾನೇ ಗುಂಪು ಪ್ರಮಾಣೀಕರಣ ಬಂತು, ಊರಿನ ನೂರಾರು ರೈತರು ಸೇರಿ ಒಂದು ಸರ್ಟಿಫಿಕೇಟ್ ತಗೊಳ್ಳೋದು. 2022ರಿಂದ ಜಾರಿಗೆ ಬಂದ ಯುರೋಪಿನ ಹೊಸ ಕಾನೂನು ಇದಕ್ಕೆ ಗಟ್ಟಿ ಷರತ್ತು ಹಾಕಿದೆ, ಒಂದು ಗುಂಪಲ್ಲಿ 2000ಕ್ಕಿಂತ ಜಾಸ್ತಿ ಸದಸ್ಯರು ಇರೋ ಹಾಗಿಲ್ಲ, ಗುಂಪು ಅನ್ನೋದು ಕಾನೂನಿನ ಪ್ರಕಾರ ನೋಂದಣಿಯಾದ ಸಂಸ್ಥೆ ಆಗಿರಬೇಕು. ಮೋಸ ತಡೆಯೋಕೆ ಇದು ಬೇಕಿತ್ತು ಅನ್ನೋರ ಮಾತನ್ನ ನಾನು ಒಪ್ತೀನಿ, ಆದ್ರೆ ದೊಡ್ಡ ಗುಂಪುಗಳನ್ನ ಒಡೆದು ಹೊಸದಾಗಿ ನೋಂದಣಿ ಮಾಡಿ ಪ್ರತಿಯೊಂದಕ್ಕೂ ಲೆಕ್ಕಪತ್ರ ಇಡೋ ಖರ್ಚು ಕೊನೆಗೆ ಬೀಳೋದು ಬೆಳೆಗಾರರ ತಲೆ ಮೇಲೇ. ಇನ್ನೊಂದು ದಾರಿ ಪರಸ್ಪರ ಭರವಸೆ ಪದ್ಧತಿ, ರೈತರೇ ಒಬ್ಬರ ಹೊಲ ಇನ್ನೊಬ್ಬರು ಹೋಗಿ ನೋಡಿ, ಕೊಳ್ಳೋರನ್ನೂ ಸೇರಿಸ್ಕೊಂಡು, ಹೌದು ಇವ್ರದ್ದು ಸಾವಯವ ಅಂತ ಸಹಿ ಹಾಕೋದು. ಬ್ರೆಜಿಲ್ ಇದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿದೆ, ಅಲ್ಲಿನ ಎಕೊವಿಡಾ ಅನ್ನೋ ರೈತ ಜಾಲ 1998ರಿಂದ ಹೀಗೇ ನಡ್ಕೊಂಡು ಬಂದಿದೆ. ಪಕ್ಕದ ಹೊಲದವ್ರ ಕಣ್ಣಿಗಿಂತ ದೊಡ್ಡ ಇನ್ಸ್‌ಪೆಕ್ಷನ್ ಇಲ್ಲ ಅಂತ ನಂಗೆ ಅನ್ಸುತ್ತೆ. ಆದ್ರೆ ಈ ಸಹಿ ಇಟ್ಕೊಂಡು ಯುರೋಪಿಗೋ ಅಮೆರಿಕಕ್ಕೋ ಸಾವಯವ ಅಂತ ಕಳಿಸೋ ಹಾಗಿಲ್ಲ.

ಮೋಸದ ವಿಷ್ಯ ಬಂತಲ್ಲ, ಅದನ್ನ ಬಿಟ್ಟು ಮುಂದೆ ಹೋಗೋಕಾಗಲ್ಲ. 2016ರ ಕೊನೇಲಿ ಉಕ್ರೇನಿಂದ ಟರ್ಕಿ ಮೂಲಕ ಕ್ಯಾಲಿಫೋರ್ನಿಯಾಕ್ಕೆ ಒಂದು ಹಡಗು ಸೋಯಾ ಬಂತು, 3 ಕೋಟಿ 60 ಲಕ್ಷ ಪೌಂಡ್, ಅಂದ್ರೆ ಸುಮಾರು 16,000 ಟನ್. ಹೊರಟಾಗ ಅದು ಮಾಮೂಲಿ ಸೋಯಾ, ಇಳಿಯೋ ಹೊತ್ತಿಗೆ ಕಾಗದದಲ್ಲಿ ಸಾವಯವ ಆಗಿತ್ತು. ಅಮೆರಿಕದ ಒಳಗೇ ಮಿಸೌರಿಯ ಒಬ್ಬ ಧಾನ್ಯ ವ್ಯಾಪಾರಿ ವರ್ಷಗಟ್ಟಲೆ ಮಾಮೂಲಿ ಧಾನ್ಯಾನ ಸಾವಯವ ಅಂತ ಮಾರಿದ್ದು 14 ಕೋಟಿ ಡಾಲರಿಗೂ ಹೆಚ್ಚು, 2019ರಲ್ಲಿ ಅವನಿಗೆ 10 ವರ್ಷಕ್ಕೂ ಮೀರಿ ಜೈಲು ಶಿಕ್ಷೆ ಆಯ್ತು. ಇಂಥದ್ದು ಆದಾಗ ಕೊಳ್ಳೋರಿಗೆ ಮೋಸ ಆಯ್ತು ಅಂತ ಸುದ್ದಿ ಬರುತ್ತೆ, ಸರಿ, ಆದ್ರೆ ಅದಕ್ಕಿಂತ ದೊಡ್ಡ ಪೆಟ್ಟು ತಿನ್ನೋದು ನಿಜವಾಗಿ ಸಾವಯವ ಬೆಳೆದೋರು. ಸುಳ್ಳು ಸಾವಯವ ಧಾನ್ಯ ಮಾರುಕಟ್ಟೆಗೆ ಸುರಿದಾಗ ರೇಟು ಬೀಳುತ್ತೆ, ಮೂರು ವರ್ಷ ಹೊಟ್ಟೆ ಕಟ್ಟಿ ಹೊಳೆ ದಾಟಿ ಬಂದೋರಿಗೆ ಆಚೆ ದಡದಲ್ಲಿ ಸಿಗಬೇಕಾಗಿದ್ದ ಬೆಲೆ ಸಿಗಲ್ಲ. ಅಮೆರಿಕ 2024ರ ಮಾರ್ಚಿಂದ ನಿಯಮ ಬಿಗಿ ಮಾಡಿದೆ, ಮಧ್ಯದ ವ್ಯಾಪಾರಿಗಳೂ ಆಮದುದಾರರೂ ಬಹುಪಾಲು ಈಗ ಪ್ರಮಾಣೀಕರಣ ತಗೋಬೇಕು. ಇದನ್ನ ಹದಿನೈದು ವರ್ಷ ಮೊದಲೇ ಮಾಡ್ಬೇಕಿತ್ತು.

ಇನ್ನು ಹೊಲದಿಂದ ಆಚೆಗಿನ ದಾರಿ. ಆಹಾರ ಉದ್ಯಮ ಮಾಡೋರನ್ನ ಕೇಳಿದ್ರೆ ಬೆಳೆಯೋದಕ್ಕಿಂತ ಇದೇ ಕಷ್ಟ ಅಂತಾರೆ, ನನ್ನ ಅಭಿಪ್ರಾಯವೂ ಅದೇ. ಧಾನ್ಯ ಕ್ಲೀನ್ ಮಾಡಿ ಹಿಟ್ಟು ಮಾಡೋ ಒಂದು ಮಿಲ್ ತಗೊಳ್ಳಿ, ವಾರದಲ್ಲಿ ಆರು ದಿನ ಮಾಮೂಲಿ ಧಾನ್ಯ ಓಡುತ್ತೆ, ಒಂದು ದಿನ ಸಾವಯವದ್ದು. ಆ ಒಂದು ದಿನಕ್ಕೆ ಮುಂಚೆ ಮಿಷಿನ್ ನಿಲ್ಲಿಸಿ, ಧಾನ್ಯ ಮೇಲೆತ್ತೋ ಎಲಿವೇಟರಿನ ಬಕೆಟ್ ಬಿಚ್ಚಿ, ಜರಡಿ ಕಳಚಿ, ಮೂಲೆಲಿ ಕೂತಿರೋ ಹಳೇ ಹಿಟ್ಟನ್ನ ಬ್ರಷ್ ಹಾಕಿ ಗಾಳಿ ಊದಿ ತೆಗೀಬೇಕು. ಆಮೇಲೂ ಸಾವಯವ ಧಾನ್ಯದ ಮೊದಲ ಒಂದಷ್ಟು ಚೀಲಾನ ಮಿಷಿನ್ ತೊಳೆಯೋಕೆ ಅಂತಾನೇ ಓಡಿಸಿ, ಬಂದಿದ್ದನ್ನ ಮಾಮೂಲಿ ರೇಟಿಗೆ ಮಾರ್ಬೇಕು. ಯಾವ ಹೊತ್ತಿಗೆ ನಿಲ್ಲಿಸಿದ್ರು, ಯಾರು ತೊಳೆದ್ರು, ಎಷ್ಟು ಚೀಲ ಬೇರೆ ತೆಗೆದ್ರು ಅಂತ ರಿಜಿಸ್ಟರಲ್ಲಿ ಸಹಿ. ಹತ್ತು ಟನ್ ಓಡಿಸೋರಿಗೆ ಈ ಖರ್ಚು ಗೊತ್ತೇ ಆಗಲ್ಲ, ಐದು ಕ್ವಿಂಟಲ್ ತಂದೋರಿಗೆ ಲಾಭ ಎಲ್ಲ ಅಲ್ಲೇ ಹೋಗುತ್ತೆ. ಮಿಲ್ಲಿನವ್ರದ್ದೂ ತಪ್ಪಿಲ್ಲ, ಅರ್ಧ ದಿನ ಮಿಷಿನ್ ನಿಂತ್ರೆ ಅವ್ರಿಗೂ ನಷ್ಟಾನೇ.

ಗೋದಾಮಲ್ಲಿ ಇನ್ನೊಂದು. ಮಾಮೂಲಿ ಧಾನ್ಯಕ್ಕೆ ಹುಳ ಬಿದ್ರೆ ಫಾಸ್ಫಿನ್ ಅನ್ನೋ ವಿಷಗಾಳಿ ಬಿಡುಗಡೆ ಮಾಡೋ ಮಾತ್ರೆ ಇಟ್ಟು ಟಾರ್ಪಾಲ್ ಮುಚ್ಚಿದ್ರೆ ಮುಗೀತು, ಅಗ್ಗ. ಸಾವಯವಕ್ಕೆ ಅದು ಆಗಲ್ಲ, ಇಂಗಾಲದ ಡೈಆಕ್ಸೈಡ್ ತುಂಬೋದು, ಗಾಳಿ ಆಡದ ಚೀಲ, ತಣ್ಣಗಿನ ಕೋಣೆ ಇಂಥವೇ ದಾರಿ, ಎಲ್ಲಾದಕ್ಕೂ ಮೊದಲೇ ಬಂಡವಾಳ ಬೇಕು. ಚೆನ್ನಾಗಿ ಬೆಳೆದು ತಂದ ಕಾಳು ಗೋದಾಮಲ್ಲಿ ಮೂರು ತಿಂಗಳಿಗೆ ಹುಡಿ ಆಗೋದನ್ನ ನೋಡೋದು ತುಂಬ ಸಂಕಟದ ವಿಷ್ಯ. ಚೀಲಕ್ಕೆ ಕೈ ಹಾಕಿದ್ರೆ ಬೆಚ್ಚಗಿರುತ್ತೆ, ಒಳಗೆ ಹುಳ ಉಸಿರಾಡ್ತಿರೋ ಬಿಸಿ ಅದು.

ಹಾಲಿನ ಉದಾಹರಣೆ ಇನ್ನೂ ಸ್ಪಷ್ಟ. ಸಾವಯವ ಹಾಲಿಗೆ ಬೇರೆ ಟ್ಯಾಂಕರ್ ಬೇಕು, ಫಾರಂಗಳು ದೂರ ದೂರ ಇದ್ರೆ ಟ್ಯಾಂಕರ್ ಅರ್ಧ ಖಾಲಿ ಓಡುತ್ತೆ. 2021ರಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳ 89 ಸಾವಯವ ಡೈರಿ ಫಾರಂಗಳಿಗೆ ಹಾಲು ಕೊಳ್ತಿದ್ದ ದೊಡ್ಡ ಕಂಪನಿ ಇನ್ಮೇಲೆ ಒಪ್ಪಂದ ನವೀಕರಿಸಲ್ಲ ಅಂತ ಪತ್ರ ಕಳಿಸ್ತು. ಚಿಕ್ಕ ಚಿಕ್ಕ ಫಾರಂಗಳು, ದೂರದ ಹಳ್ಳಿಗಳು, ಸಾಗಾಟ ದುಬಾರಿ. ಆ ಹಸುಗಳು ಕೊಡ್ತಿದ್ದ ಹಾಲಲ್ಲಿ ಕೊರತೆ ಏನೂ ಇರಲಿಲ್ಲ, ರೈತರು ನಿಯಮ ಮುರಿದಿರಲಿಲ್ಲ, ಇಳುವರಿ ಸಮಸ್ಯೆಯೂ ಅಲ್ಲ. ಲಾರಿ ಓಡೋ ದಾರಿ ಉದ್ದ ಆಯ್ತು, ಅಷ್ಟೇ. ಸಾವಯವ ರೈತರು ಒಂದೇ ಕಡೆ ಒತ್ತೊತ್ತಾಗಿ ಇದ್ರೆ ಟ್ಯಾಂಕರ್, ಮಿಲ್, ಗೋದಾಮು ಎಲ್ಲ ಲೆಕ್ಕಕ್ಕೆ ಬರ್ತವೆ, ಚದುರಿದ್ರೆ ಯಾವ್ದೂ ಬರಲ್ಲ, ಮಿಲ್ ಗೋದಾಮು ಇಲ್ಲದ ಕಡೆ ಹೊಸಬರು ಶುರುನೂ ಮಾಡಲ್ಲ. ಕೋಳಿ ಮೊದಲಾ ಮೊಟ್ಟೆ ಮೊದಲಾ ಅನ್ನೋ ಥರ ನಿಂತುಹೋಗಿದೆ.

ಸಂಸ್ಕರಿಸಿದ ಆಹಾರ ಮಾಡೋರಿಗೆ ಶೇ. 95ರ ನಿಯಮ ಇದೆ, ಸಾವಯವ ಅಂತ ಲೇಬಲ್ ಹಾಕ್ಬೇಕಂದ್ರೆ ಕೃಷಿ ಮೂಲದ ಸಾಮಗ್ರಿಗಳಲ್ಲಿ ಕನಿಷ್ಠ ಶೇ. 95 ಸಾವಯವ ಆಗಿರ್ಬೇಕು. ಹತ್ತು ಸಾಮಗ್ರಿಲಿ ಒಂಬತ್ತು ಸಿಕ್ಕಿ, ಮುಖ್ಯವಾದ ಒಂದು ಸಾಮಗ್ರಿ ಒಂದು ತಿಂಗಳು ಸಿಗಲಿಲ್ಲ ಅಂದ್ರೆ ಪ್ಯಾಕಿಂಗ್ ನಿಲ್ಲಿಸ್ಬೇಕು. ಮಾಮೂಲಿ ಸಾಮಗ್ರಿಯಾದ್ರೆ ನಾಲ್ಕು ಕಡೆ ಫೋನ್ ಮಾಡಿದ್ರೆ ಐದನೇ ಕಡೆ ಸಿಗುತ್ತೆ, ಇಲ್ಲಿ ಕೊಡೋರೇ ಇಬ್ಬರು ಮೂವರು. ದೊಡ್ಡ ಚೈನ್ ಅಂಗಡಿಗಳು ದುಡ್ಡು ಕೊಡೋದು ಮಾಲು ಹೋಗಿ ಎರಡು ಮೂರು ತಿಂಗಳಾದ ಮೇಲೆ, ರೈತರಿಗೆ ಮಾತ್ರ ತಕ್ಷಣ ಕೊಡಬೇಕು, ಇಲ್ಲದಿದ್ರೆ ಅವ್ರು ಮಾಮೂಲಿ ಮಾರುಕಟ್ಟೆಗೆ ಹಾಕಿಬಿಡ್ತಾರೆ, ಅವ್ರಿಗೂ ಬೇರೆ ದಾರಿ ಇರಲ್ಲ. ಚೆನ್ನಾಗಿ ಮಾರಾಟ ಆಗ್ತಿರೋ ಚಿಕ್ಕ ಸಾವಯವ ಬ್ರ್ಯಾಂಡುಗಳು ಮುಚ್ಚಿಹೋಗೋದು ಈ ತಿಂಗಳುಗಳ ಅಂತರದಲ್ಲೇ, ಆರ್ಡರ್ ಬಂದಷ್ಟೂ ಕೈಲಿರೋ ಕಾಸು ಖಾಲಿಯಾಗುತ್ತೆ.

ರೇಟಿನ ವಿಷ್ಯಕ್ಕೆ ಬಂದ್ರೆ, ಬೇಡಿಕೆ ಇದೆ ಆದ್ರೆ ಅದನ್ನ ನಂಬ್ಕೊಂಡು ಮೂರು ವರ್ಷದ ಪ್ಲಾನ್ ಮಾಡೋ ಹಾಗಿಲ್ಲ. ಬ್ರಿಟನ್ನಲ್ಲಿ 2008ರ ಆರ್ಥಿಕ ಕುಸಿತ ಆದ್ಮೇಲೆ ಸಾವಯವ ಮಾರಾಟ ವರ್ಷಗಟ್ಟಲೆ ಇಳೀತು, ಜೊತೆಗೆ ಭೂಮಿನೂ, 2008ರಲ್ಲಿ ಸುಮಾರು 7 ಲಕ್ಷ 40 ಸಾವಿರ ಹೆಕ್ಟೇರ್ ಇದ್ದಿದ್ದು ಆಮೇಲಿನ ಹತ್ತು ವರ್ಷದಲ್ಲಿ 5 ಲಕ್ಷದ ಆಸುಪಾಸಿಗೆ ಬಂತು. ಮಾರಾಟ ಆಮೇಲೆ ಚೇತರಿಸ್ಕೊಂಡ್ರೂ ಭೂಮಿ ಹಳೇ ಮಟ್ಟಕ್ಕೆ ವಾಪಸ್ ಬರಲಿಲ್ಲ. ಒಂದ್ಸಲ ಬಿಟ್ಟುಹೋದೋರು ಮತ್ತೆ ಮೂರು ವರ್ಷ ಕಾಯೋಕೆ ಬರಲ್ಲ, ಅದು ಸಹಜ. ಫ್ರಾನ್ಸಲ್ಲಿ 2021ರ ನಂತರ ಹಣದುಬ್ಬರ ಏರಿದಾಗ ಇದೇ ಆಯ್ತು, ಸಾವಯವ ಹಾಲಿನ ಒಂದು ಪಾಲು ಮಾಮೂಲಿ ಹಾಲಿನ ಜೊತೆ ಬೆರೆತು ಹೋಯ್ತು, ಅದೇ ರೇಟಿಗೆ. ಯುರೋಪಿಯನ್ ಒಕ್ಕೂಟ 2030ಕ್ಕೆ ಶೇ. 25 ಕೃಷಿ ಭೂಮಿ ಸಾವಯವ ಆಗ್ಬೇಕು ಅಂತ 2020ರಲ್ಲಿ ಗುರಿ ಇಟ್ಕೊಂಡಿತು, ಈಗಿರೋದು ಶೇ. 11ರ ಹತ್ರ. ಬೆಳೆಯೋಕೆ ಗುರಿ ಇದೆ, ತಿನ್ನೋಕೆ ಗುರಿ ಇಲ್ಲ ಅಂತ ಅಲ್ಲಿನ ರೈತ ಸಂಘಟನೆಗಳು ಹೇಳೋದ್ರಲ್ಲಿ ನ್ಯಾಯ ಇದೆ.

ಇದರ ಜೊತೆಗೆ ಸರ್ಕಾರಗಳ ದುಡ್ಡು ಹರಿಯೋ ದಿಕ್ಕು. ವಿಶ್ವಸಂಸ್ಥೆಯ ಮೂರು ಅಂಗಸಂಸ್ಥೆಗಳು 2021ರಲ್ಲಿ ಕೊಟ್ಟ ವರದಿ ಪ್ರಕಾರ ಪ್ರಪಂಚದಲ್ಲಿ ಕೃಷಿಗೆ ವರ್ಷಕ್ಕೆ ಹೋಗೋ ಬೆಂಬಲ ಸುಮಾರು 54,000 ಕೋಟಿ ಡಾಲರ್, ಅದ್ರಲ್ಲಿ ಶೇ. 87 ಬೆಲೆಗಳನ್ನ ತಿರುಚೋ ಅಥವಾ ಪರಿಸರಕ್ಕೆ, ಸಮಾಜಕ್ಕೆ ಹಾನಿ ಮಾಡೋ ಥರದ್ದು. ಸಾವಯವ ದುಬಾರಿ ಅಂತ ಹೇಳೋವಾಗ ಮಾಮೂಲಿದು ಅಗ್ಗ ಆಗಿರೋದು ಹೇಗೆ ಅನ್ನೋದನ್ನೂ ಜೊತೆಗೇ ಕೇಳ್ಬೇಕು. ನೀರಿಗೆ ಸೇರಿದ ನೈಟ್ರೇಟ್ ತೆಗೆಯೋ ಖರ್ಚು ಬರೋದು ನೀರಿನ ಬಿಲ್ಲಲ್ಲಿ, ಧಾನ್ಯದ ಚೀಲದ ಮೇಲೆ ಅಲ್ಲ.

ಹಾಗಂತ ಒಂದೇ ಆದೇಶದಲ್ಲಿ ಎಲ್ಲ ಬದಲಾಯಿಸ್ತೀವಿ ಅಂತ ಹೊರಟ್ರೆ ಏನಾಗುತ್ತೆ ಅಂತ ಶ್ರೀಲಂಕಾ ನೋಡ್ಬಿಟ್ಟಿದೆ. 2021ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರ, ಕೀಟನಾಶಕದ ಆಮದನ್ನ ನಿಲ್ಲಿಸ್ತು, ಇಡೀ ದೇಶ ಒಂದೇ ಸಲ ಸಾವಯವ. ಅಷ್ಟು ಗೊಬ್ಬರ ಎಲ್ಲಿಂದ ಬರ್ಬೇಕು ಅನ್ನೋದಕ್ಕೆ ಉತ್ತರ ಇರಲಿಲ್ಲ, ಚೀನಾದಿಂದ ಹಡಗಲ್ಲಿ ತರಿಸಿದ ಸಾವಯವ ಗೊಬ್ಬರದ ಮಾದರಿಲಿ ಹಾನಿಕಾರಕ ಬ್ಯಾಕ್ಟೀರಿಯಾ ಸಿಕ್ಕಿದೆ ಅಂತ ಹಡಗನ್ನ ಇಳಿಸೋಕೇ ಬಿಡಲಿಲ್ಲ, ಕೊನೆಗೆ ಗೊಬ್ಬರ ಕಳಿಸಿದ ಕಂಪನಿಗೆ 67 ಲಕ್ಷ ಡಾಲರ್ ಕೊಡಬೇಕಾಯ್ತು. ಭತ್ತದ ಇಳುವರಿ ಕುಸೀತು, ಚಹಾದ್ದೂ ಕುಸೀತು, ನವೆಂಬರಲ್ಲಿ ಆದೇಶ ವಾಪಸ್. ಅಲ್ಲಿನ ರೈತರಿಗೆ ಆದ ಅನ್ಯಾಯ ಒಂದು ಕಡೆ, ಇನ್ನೊಂದು ಕಡೆ ಇವತ್ತಿಗೂ ಎಲ್ಲೇ ಸಾವಯವದ ಮಾತು ಬಂದ್ರೂ ಶ್ರೀಲಂಕಾ ನೋಡಿ ಅಂತ ಬಾಯಿ ಮುಚ್ಚಿಸ್ತಾರೆ. ಆದ್ರೆ ಅಲ್ಲಿ ಸೋತಿದ್ದು ಕೊಟ್ಟಿಗೆ ಗೊಬ್ಬರ ಅಲ್ಲ, ಪರಿವರ್ತನೆಗೆ ಬೇಕಾದ ವರ್ಷಗಳನ್ನೇ ಅಳಿಸಿಹಾಕಿದ ಆತುರ. ಸಿಕ್ಕಿಂ 2003ರಲ್ಲಿ ಶುರು ಮಾಡಿ ಪೂರ್ತಿ ಸಾವಯವ ಅಂತ ಹೇಳ್ಕೊಂಡಿದ್ದು 2016ರಲ್ಲಿ, ಅದೂ ಮೊದಲಿಂದಲೇ ರಾಸಾಯನಿಕ ಬಳಕೆ ಕಮ್ಮಿ ಇದ್ದ ಜಾಗದಲ್ಲಿ, ಸುಮಾರು 75,000 ಹೆಕ್ಟೇರಿಗೆ.

ಡೆನ್ಮಾರ್ಕಿನ ದಾರಿ ನಂಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. 1987ರಲ್ಲೇ ಸಾವಯವಕ್ಕೆ ಕಾನೂನು ಮಾಡ್ತು, ಆಮೇಲೆ ಎರಡೇ ವರ್ಷಕ್ಕೆ ಸರ್ಕಾರದ್ದೇ ಕೆಂಪು ಮುದ್ರೆ ಬಂತು, ಹೊಲದ ತಪಾಸಣೆ ಮಾಡೋದೂ ಸರ್ಕಾರಾನೇ, ಖರ್ಚು ರೈತರ ಮೇಲಿಲ್ಲ. ಕೀಟನಾಶಕದ ಮೇಲೆ ತೆರಿಗೆ. ಇವತ್ತು ಅಲ್ಲಿ ಅಂಗಡಿಲಿ ಮಾರಾಟ ಆಗೋ ಆಹಾರದಲ್ಲಿ ಸುಮಾರು ಶೇ. 12 ಸಾವಯವ, ಪ್ರಪಂಚದಲ್ಲೇ ಅತಿ ಹೆಚ್ಚಿನ ಪಾಲುಗಳಲ್ಲಿ ಒಂದು. ರಾಜಧಾನಿ ಕೋಪನ್‌ಹೇಗನ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು, ನಗರಸಭೆ ನಡೆಸೋ ಶಿಶುವಿಹಾರ, ಶಾಲೆ, ವೃದ್ಧಾಶ್ರಮಗಳ ಸುಮಾರು 900 ಅಡುಗೆಮನೆಗಳಲ್ಲಿ ಶೇ. 90 ಸಾವಯವ ಬಳಸ್ಬೇಕು ಅಂತ ಗುರಿ ಹಾಕ್ಕೊಂಡು 2015ರ ಹೊತ್ತಿಗೆ ಶೇ. 88 ಮುಟ್ತು. ಸಾಮಗ್ರಿ ಕೊಳ್ಳೋ ಬಜೆಟ್ ಏರಿಸಲಿಲ್ಲ. ದುಡ್ಡು ಹಾಕಿದ್ದು ಅಡುಗೆಯವ್ರ ತರಬೇತಿಗೆ. ರೆಡಿ ಪ್ಯಾಕೆಟ್ ಬಿಟ್ಟು ಮೊದಲಿಂದ ಅಡುಗೆ ಮಾಡೋದು, ಮಾಂಸ ಕಮ್ಮಿ ಮಾಡಿ ಕಾಳು ತರಕಾರಿ ಜಾಸ್ತಿ ಮಾಡೋದು, ಋತುವಿಗೆ ತಕ್ಕ ಹಾಗೆ ಮೆನು ಬದಲಾಯಿಸೋದು, ಕಸದ ಬುಟ್ಟಿಗೆ ಹೋಗೋದನ್ನ ಕಮ್ಮಿ ಮಾಡೋದು. ಉಳಿದ ದುಡ್ಡು ಸಾವಯವದ ಹೆಚ್ಚುವರಿ ಬೆಲೆಗೆ ಹೋಯ್ತು.

ಫ್ರಾನ್ಸ್ ಕೂಡ 2018ರಲ್ಲಿ ಕಾನೂನು ಮಾಡಿ 2022ರಿಂದ ಸಾರ್ವಜನಿಕ ಕ್ಯಾಂಟೀನುಗಳಲ್ಲಿ ಶೇ. 20 ಸಾವಯವ ಇರಲೇಬೇಕು ಅಂತ ಹೇಳ್ತು, ಅಲ್ಲಿ ಗುರಿ ಇನ್ನೂ ದೂರಾನೇ ಇದೆ. ನಂಗೆ ಕಾಣೋ ವ್ಯತ್ಯಾಸ ಅಡುಗೆಯವ್ರಲ್ಲಿ, ಕೋಪನ್‌ಹೇಗನ್ನಲ್ಲಿ ಅವ್ರ ಪಕ್ಕ ನಿಂತು ಕಲಿಸೋಕೆ ಜನ ಹೋಗಿದ್ರು, ಬರೀ ಸುತ್ತೋಲೆ ಕಳಿಸಿ ಸುಮ್ಮನಾಗಿರಲಿಲ್ಲ. ಆ ಥರದ ಒಂದು ಅಡುಗೆಮನೆ, ಷೇರು ಮಾರುಕಟ್ಟೆ ಬಿದ್ರೂ, ಹಣದುಬ್ಬರ ಏರಿದ್ರೂ ನಾಳೆ ಎಷ್ಟು ಮಕ್ಕಳಿಗೆ ಊಟ ಹಾಕ್ಬೇಕು ಅಂತ ಇವತ್ತೇ ಹೇಳುತ್ತೆ, ಮುಂದಿನ ಮೂರು ವರ್ಷಕ್ಕೆ ಎಷ್ಟು ಟನ್ ಬೇಕು ಅಂತಾನೂ ಹೇಳೋಕೆ ಅದಕ್ಕೆ ಆಗುತ್ತೆ. ಅಂಥ ಒಂದು ಒಪ್ಪಂದದ ಕಾಗದ ಇದ್ರೆ ಮಿಲ್ಲಿನವ್ರು ಸಾವಯವಕ್ಕೆ ಅಂತ ಬೇರೆ ಮಿಷಿನ್ ಹಾಕೋ ಧೈರ್ಯ ಮಾಡ್ತಾರೆ, ಟ್ಯಾಂಕರ್ ತುಂಬಿ ಓಡುತ್ತೆ, ಎರಡನೇ ವರ್ಷದ ಹೊಲದಲ್ಲಿ ಕುರ್ಪಿ ಹಿಡ್ಕೊಂಡು ಕೂತಿರೋರು ಆ ಕಾಗದಾನ ಬ್ಯಾಂಕಿಗೆ ತಗೊಂಡು ಹೋಗಿ ಸಾಲ ಕೇಳಬಹುದು.